ಅಲಾರಾಂ ಕೂಗಿದಾಗ

ಸ್ಟೂಲಿನ ಮೇಲೆ ನಿಂತಿದ್ದ ಕ್ಯಾಲಮ್, ಅಡುಗೆಮನೆಯ ಹೊಗೆ ಅಲಾರಾಂನ ಗುಂಡಿ ಒತ್ತಿಹಿಡಿದ. ಕಿವಿ ಹರಿದುಹೋಗುವಂತೆ ಅದು ಚೀರಿತು. ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಆದರೆ ಅವನಿಗೆ ಬೆನ್ನು ಮಾಡಿ ಲೋಟ ತೊಳೆಯುತ್ತಿದ್ದ ಬಾಡಿಗೆಗಿದ್ದ ಅಜ್ಜಿ, ಮಿಸೆಸ್ ಹೆಸ್ಕೆತ್, ಬೆಚ್ಚಲೂ ಇಲ್ಲ, ತಿರುಗಲೂ ಇಲ್ಲ. ಕ್ಯಾಲಮ್ ಮತ್ತೊಮ್ಮೆ ಒತ್ತಿದ. ಅವರು ಇನ್ನೊಂದು ಲೋಟ ಎತ್ತಿಕೊಂಡರು.

ಡನೀಡನ್ ಊರಿನ ತನ್ನ ಈ ಮನೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟಾಗಿನಿಂದ, ಮೂರು ವರ್ಷವೂ ಕಾನೂನಿನಂತೆ ಅವನೇ ಬಂದು ಅಲಾರಾಂ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದ್ದ. ಆಗೆಲ್ಲ ಅವರು ಹಿತ್ತಲಲ್ಲಿರುತ್ತಿದ್ದರು. ಮಾತಾಡುವಾಗ ಅವರು ತನ್ನ ಬಾಯನ್ನೇ ನೋಡುವುದು ಹಳೇ ಕಾಲದ ಮರ್ಯಾದೆ ಎಂದುಕೊಂಡಿದ್ದ.

ಕೆಳಗಿಳಿದು ಅವರ ಭುಜ ಮುಟ್ಟಿದ.

"ಅಯ್ಯೋ, ಜೀವ ಹೋಯ್ತಲ್ಲೋ ಮಾರಾಯ! ಆಯ್ತಾ ನಿನ್ನ ಕೆಲಸ?"

"ನಿಮಗೆ... ಏನೂ ಕೇಳಿಸೋದೇ ಇಲ್ವಾ?"

ಅವನ ತುಟಿ ಓದಿದ ಮಿಸೆಸ್ ಹೆಸ್ಕೆತ್ ಅವರ ಮುಖ ಬಾಡಿತು. "ಹೇಳಿದ್ರೆ ಮನೆ ಬಿಡಿಸ್ತೀಯೇನೋ ಅಂತ ಸುಮ್ಮನಿದ್ದೆ ಕಣಪ್ಪ."

"ಬೆಂಕಿ ಬಿದ್ದಿದ್ರೆ? ಮಲಗಿರೋವಾಗ?"

ಅವರು ಒದ್ದೆ ಕೈಯನ್ನು ನಿಧಾನಕ್ಕೆ ಒರೆಸಿಕೊಂಡರು. "ಚಳಿಗೆ ಒಲೆ ಉರಿಸಿದ ದಿನ ನಾನು ಮಲಗೋದೇ ಇಲ್ಲ, ಕ್ಯಾಲಮ್."