ಭಗೋಣಿ ತುಂಬ ನವಣೆ

ಜಹೀರಾಬಾದಿನ ಹೆದ್ದಾರಿ ನಡುವೆ ಹೂಡಿದ ಒಲೆಯ ಮುಂದೆ ತಟ್ಟೆ ಚಾಚಿ ನಿಂತಿದ್ದ ಗುಮಾಸ್ತ ವೈಜನಾಥ, ಸೌಟು ಹಿಡಿದ ಕೈಯ ಬಳೆಗಳನ್ನು ನೋಡಿ ಬೆವೆತುಹೋದ. ಅದು ಅವನ ಹೆಂಡತಿ ಮಾಲತೀಬಾಯಿಯ ಕೈ.

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ಹೂಡಿ ಕಚೇರಿಗಳು ಮುಚ್ಚಿ ಹನ್ನೆರಡು ದಿನವಾಗಿತ್ತು. ದಿನಕ್ಕೊಂದು ಓಣಿಯವರು ರಸ್ತೆ ತಡೆದು, ಅಲ್ಲೇ ಅಡುಗೆ ಮಾಡಿ ಎಲ್ಲರಿಗೂ ಬಡಿಸುತ್ತಿದ್ದರು. ವೈಜನಾಥ ಒಂದು ದಿನವೂ ತಪ್ಪಿಸಿರಲಿಲ್ಲ. ಶುಗರ್ ಬಂದಾಗಿನಿಂದ ಮನೆಯಲ್ಲಿ ಎರಡು ಹೊತ್ತೂ ನವಣೆ. ಬಿಳಿ ಅನ್ನ ಸಿಗುತ್ತಿದ್ದುದು ಹೋರಾಟದಲ್ಲಿ ಮಾತ್ರ. ಇಂದು ಯಾರ ಪಾಳಿ ಎಂದು ಕೇಳುವ ಗೋಜಿಗೂ ಹೋಗದೆ ತಟ್ಟೆ ತೊಳೆದು ತಂದಿದ್ದ.

"ಇವತ್ತ ನಮ್ಮ ಓಣಿ ಪಾಳಿರಿ," ಎಂದು ಮಾಲತೀಬಾಯಿ ಭಗೋಣಿಯ ಮುಚ್ಚಳ ತೆಗೆದಳು. ಒಳಗೆ ಹಳದಿ ನವಣೆ ಅನ್ನ ಹಬೆಯಾಡುತ್ತಿತ್ತು. "ನಾಕು ದಿನ ಕುಟ್ಟಿ, ಮೊರದಾಗ ಕೇರಿ ಹೊಟ್ಟ ತಗದೀನಿ. ನಾರು ಭಾಳ ಅದ, ಎಲ್ಲಾರೂ ಉಣ್ರಿ." ಆಮೇಲೆ ಗಂಡನ ತಟ್ಟೆಯತ್ತ ನೋಡಿದಳು. "ನಿಮ್ಮ ಶುಗರ್ ಮುನ್ನೂರಕ್ಕ ಯಾಕ ಹೋಗ್ಯಾದ ಅಂತ ನನಗ ಈಗ ಗೊತ್ತಾತು."

ಆಗಲೇ ಪೊಲೀಸ್ ವ್ಯಾನು ಬಂತು. ಬಂಧಿತರಿಗೆ ಠಾಣೆಯಲ್ಲಿ ಅನ್ನ ಸಾರು ಹಾಕುತ್ತಾರೆಂದು ಊರಿಗೇ ಗೊತ್ತು. ವೈಜನಾಥ ಯಾರೂ ಮುಟ್ಟುವ ಮೊದಲೇ "ಜೈ ತೆಲಂಗಾಣ!" ಎಂದು ಕೂಗುತ್ತ ಹತ್ತಿ ಕುಳಿತು, ಬಿಸಿ ಅನ್ನ ನೆನೆದು ಕಣ್ಣು ಮುಚ್ಚಿದ. ಕಾಲ ಬುಡದಲ್ಲಿ ಏನೋ ಧಡ್ಡೆಂದಿತು. ಕಣ್ಣು ತೆರೆದರೆ ಭಗೋಣಿ. ಅದರ ಹಿಂದೆಯೇ ಸೌಟು ಹಿಡಿದು ಮಾಲತೀಬಾಯಿ ಹತ್ತುತ್ತಿದ್ದಳು.

"ನನ್ನೂ ಹಿಡೀರಿ, ಸಾಹೇಬ್ರ. ಇವ್ರಿಗಿ ಶುಗರ್ ಅದ."