ಇಳಿಯುವ ಹೊತ್ತಿನ ಮೌನ

ವಿಮಾನ ಬೆಳಗಾವಿಯತ್ತ ಇಳಿಯತೊಡಗಿದೊಡನೆ ಹಿಂದಿನ ಸಾಲುಗಳವರೆಲ್ಲ ರೂಢಿಯಂತೆ ಬಾಯಿ ಮುಚ್ಚಿಕೊಂಡರು. ಈ ವಿಮಾನದಲ್ಲಿ ಪ್ರಯಾಣಿಕರಿಗೆ ಉಸಿರಾಡಲು ಗಾಳಿ ಒದಗಿಸುವ ಯಂತ್ರ ತಿರುಗುವುದು ಎಂಜಿನ್ನಿನ ಬಿಸಿಯಿಂದ. ಇಳಿಯುವಾಗ ಆ ಬಿಸಿ ತಗ್ಗಿ ಒಳಗಿನ ಗಾಳಿ ತೆಳುವಾಗುತ್ತದೆ. ಆದುದರಿಂದ ಮಾತು ನಿಷಿದ್ಧ. ಮುಂದಿನ ಸಾಲಿನ ಗಣ್ಯರಿಗೆ ಮಾತ್ರ ವಿನಾಯಿತಿ. ಗಣ್ಯರು ಮಾತಾಡದಿದ್ದರೆ ದೇಶವೇ ನಿಂತುಹೋಗುತ್ತದಲ್ಲವೆ?

ನಿವೃತ್ತ ಮುಖ್ಯೋಪಾಧ್ಯಾಯಿನಿ ಅಂಬಕ್ಕನವರು ಹಿಂದಿನ ಸಾಲಿನಲ್ಲಿ ತಮ್ಮ ಪಕ್ಕದಲ್ಲಿದ್ದ ಅಣ್ಣ ಗುರಪ್ಪನವರ ಕೈ ಹಿಡಿದರು. ಶ್ವಾಸಕೋಶ ಕೆಟ್ಟಿದ್ದ ಅಣ್ಣನ ತುಟಿ ನೀಲಿಗಟ್ಟುತ್ತಿತ್ತು. ಅಷ್ಟರಲ್ಲಿ ವಿಮಾನ ಕಂಪನಿಯ ಅಧ್ಯಕ್ಷರು ಮುಂದೆ ಎದ್ದು ನಿಂತು, ಧ್ವನಿವರ್ಧಕ ಹಿಡಿದು, ಗಾಳಿಯ ಮಿತಬಳಕೆಯ ಮಹತ್ವ ಕುರಿತು ಭಾಷಣ ಆರಂಭಿಸಿದರು. ಐದು ನಿಮಿಷವಾದರೂ ಪೀಠಿಕೆ ಮುಗಿಯಲಿಲ್ಲ. ಹಿಂದೆ ಗಾಳಿ ಸಾಲದೆ ಒಂದೊಂದೇ ತಲೆ ವಾಲತೊಡಗಿತು.

"ನೋಡ್ರಿ, ಎಲ್ಲಾರೂ ತಲಿ ಬಾಗಿಸಿ ಒಪ್ಪಿಗಿ ಕೊಡಾಕತ್ತಾರ!" ಎಂದು ಅಧ್ಯಕ್ಷರು ಹಿಗ್ಗಿದರು.

ಅಂಬಕ್ಕನವರು ಎದ್ದರು. ಮೂವತ್ತು ವರ್ಷ ಏಳನೆಯ ತರಗತಿಯ ಗದ್ದಲವನ್ನು ಅಡಗಿಸಿದ ಗಂಟಲದು.

"ಸಾಕು! ಬಾಯಿ ಮುಚ್ಚಿ ಕುಂದ್ರು!"

ಅಧ್ಯಕ್ಷರು ಯೋಚಿಸುವ ಮೊದಲೇ ಕುಳಿತು ಕೈ ಕಟ್ಟಿಕೊಂಡರು. ಸ್ವಲ್ಪ ಹೊತ್ತಿಗೆ ಗುರಪ್ಪನವರ ಎದೆ ನಿಧಾನವಾಗಿ ಏರಿಳಿಯಿತು. ತುಟಿಗೆ ಬಣ್ಣ ಮರಳಿತು.

ಗಗನಸಖಿ ನಮೂನೆಯೊಂದನ್ನು ಹಿಡಿದು ಬಂದು ಪಿಸುಗುಟ್ಟಿದಳು: "ಕೂಗಿ ಗಾಳಿ ಹಾಳು ಮಾಡೀರಿ ಅಂತ ದೂರು ಬರೀಬೇಕಾಗೇತ್ರಿ, ಅಮ್ಮಾರ."

"ಬರಿ ತಂಗಿ. ನಮ್ಮಣ್ಣ ಉಳದಾನ ಅನ್ನೂದನ್ನೂ ಬರಿ."

"ಅದಕ್ಕ ಇದರಾಗ ಕಾಲಂ ಇಲ್ರಿ."

ಅಂಬಕ್ಕನವರು ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಅಂಚಿನ ಖಾಲಿ ಜಾಗದಲ್ಲಿ ದುಂಡಗೆ ಬರೆದರು: 'ಗುರಪ್ಪ, ಹಾಜರು.'