ಒಂದು ಬೆರಳಿನ ಅಂತರ

"ದೋಣಿಗೆ ಎರಡ್ ಗೆರೆ ಎಂತಕೆ, ಬಚ್ಚಣ್ಣ?" ವಿನಯಾ ಟೀಚರ್ ಕೇಳಿದಳು.

ಬಚ್ಚಣ್ಣ ದೋಣಿಯ ಬದಿಯಲ್ಲಿದ್ದ ಆ ಬಣ್ಣದ ಗೆರೆಗಳ ನಡುವೆ ಬೆರಳನ್ನು ಅಡ್ಡ ಇಟ್ಟ. "ಕೆಳಗಿನ್ ಗೆರೆ ಕಡಲಿಗೆ, ಮೇಲಿನದ್ ಹೊಳಿಗೆ. ಅಷ್ಟೇ ಮೀನ್ ಹೇರ್ಕಂಡ್ ಹೊಳಿ ಒಳಗ್ ಬಂದ್ರೆ ದೋಣಿ ಒಂದ್ ಬೆರಳ್ ಇಳಿತ್ತ್. ಸಿಹಿನೀರಿಗೆ ಎತ್ತಿ ಹಿಡುಕೆ ಅಷ್ಟ್ ಬಲ ಇಲ್ಲೆ ಟೀಚ್ರೇ."

ಗಂಗೊಳ್ಳಿ ಬಂದರಿನ ಕಟ್ಟೆಯ ಮೇಲೆ ಕೂತಿದ್ದ ವಿನಯಾ ಮಡಿಲಲ್ಲಿದ್ದ ಕರಡನ್ನು ತಿರುವಿದಳು. ಮುನ್ನೂರು ವರ್ಷ ಹಿಂದಿನ ಭೌತಶಾಸ್ತ್ರದ ಪುಸ್ತಕವೊಂದನ್ನು ಅವಳು ಕನ್ನಡಕ್ಕೆ ತರುತ್ತಿದ್ದಳು. ಅದರಲ್ಲಿ ಇದೇ ಮಾತಿತ್ತು. ಈಗಿನವರ ತಲೆಗೆ ಹತ್ತದು ಎಂದು ನಿನ್ನೆ ತಾನೇ ಅದಕ್ಕೆ ಕಾಟು ಹೊಡೆದಿದ್ದಳು. ಈಗ ಆ ಸಾಲುಗಳನ್ನು ಗಟ್ಟಿಯಾಗಿ ಓದಿದಳು.

ಬಚ್ಚಣ್ಣ ತಲೆದೂಗಿದ. "ಸಮ ಇತ್ತ್. ಬರ್ದವ್ರ್ ಯಾವ್ ಬಂದರ್ದವ್ರ್?"

ವಿನಯಾ ಕಾಟಿನ ಪಕ್ಕದಲ್ಲಿ 'ಇರಲಿ' ಎಂದು ಬರೆದಳು.